ಹುಲಿಗೆವ್ವ ತಂದ ಮಣ್ಣು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಓದಿದವರು ‘ಅಯ್ಯೋ, ಇಂಥವಳಾ ಇವಳು’ ಅನ್ನುವುದು ಬೇಡ. ಪಕ್ಕದ ಮನೆಯವಳ ಸೀರೆ, ಓರಗಿತ್ತಿಯ ಮೂಗುಬೊಟ್ಟು, ಜೊತೆಯಲ್ಲಿ ಓದಿದವಳ ಮಾರ್ಕು, ಯಾವುದನ್ನೂ ನಾನು ನೆಟ್ಟಗಿನ ಕಣ್ಣಲ್ಲಿ ನೋಡಿದವಳಲ್ಲ. ಆದರೆ ಅವೆಲ್ಲ ಆಮೇಲಿನ ಸಣ್ಣಪುಟ್ಟ ಉರಿಗಳು. ಇದು ಹತ್ತಿಕೊಂಡದ್ದು ಅತ್ತಿಗುಪ್ಪೆಯ ನಮ್ಮ ಹಳೇ ಮನೆಯಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಒಬ್ಬ ಹುಡುಗಿಯ ಮೇಲೆ. ಆ ಹುಡುಗಿಗೆ ಆಗ ಊರಿರಲಿಲ್ಲ, ಮನೆಯಿರಲಿಲ್ಲ. ಎರಡು ಲಂಗ ಮತ್ತು ಒಂದು ಬಟ್ಟೆಯ ಗಂಟು ಇದ್ದವು. ಮನೆ ಕಳೆದುಕೊಂಡು ಬಂದವಳ ಮೇಲೂ ಉರಿದುಕೊಳ್ಳುತ್ತೀಯಲ್ಲೇ, ನಿನ್ನ ಹೊಟ್ಟೆಯೋ ಬೆಂಕಿಯ ಕುಂಡವೋ ಎಂದು ನನ್ನ ಅವ್ವ ಆಮೇಲೆ ಬೈದಳು. ಬೈದದ್ದು ಸರಿಯಾಗಿಯೇ ಇತ್ತು.

ಅತ್ತಿಗುಪ್ಪೆ ಆಗ ಅಪ್ಪಟ ಹಳ್ಳಿ. ಕೆರೆಯ ಪಕ್ಕದಲ್ಲಿ ನಮ್ಮ ಎರಡು ತುಂಡು ರಾಗಿ ಹೊಲ, ಊರೊಳಗೆ ನಾಡಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಒಂದು ಮಗ್ಗುಲಿಗೆ ಎರಡು ಹಸುಗಳ ಕೊಟ್ಟಿಗೆ, ಹಿಂದೆ ಹಗಲಲ್ಲೂ ಕತ್ತಲೆಯ ಅಡಿಗೆಮನೆ. ಮಾಗಡಿ ರಸ್ತೆಯ ತನಕ ಕರೆಂಟಿನ ಕಂಬ ಬಂದಿತ್ತು, ಅಲ್ಲಿಂದೀಚೆಗೆ ಸೀಮೆಎಣ್ಣೆ ಬುಡ್ಡಿಯೇ ಗತಿ. ಮನೆಯಲ್ಲಿ ಅಜ್ಜಿ, ಅವ್ವ, ಅಪ್ಪ, ನಾನು. ಅಪ್ಪ ಹೊಲ ಬಿಟ್ಟು ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅವನು ಮಾತು ಕಮ್ಮಿಯ ಮನುಷ್ಯ. ಬಾ, ಹೋಗು, ಉಣ್ಣು, ಬಿಸಿಲು, ಮಳೆ, ಇಷ್ಟರಲ್ಲೇ ಅವನ ದಿನ ಕಳೆಯುತ್ತಿತ್ತು. ಆದರೆ ಪ್ರತಿ ದಿನ ಬೆಳಿಗ್ಗೆ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿನ ಹತ್ತಿರ ಇಳಿಸುತ್ತಿದ್ದ. ಅವನ ಗಡ್ಡ ನನ್ನ ನೆತ್ತಿಗೆ ತಾಗುತ್ತಿತ್ತು. ನನ್ನ ಪಾಲಿಗೆ ಅಪ್ಪ ಅಂದರೆ ಆ ಬಾರು. ತುಂಗಭದ್ರೆಯ ಅಣೆಕಟ್ಟಿಗೆ ಗೇಟು ಕೂರಿಸುವ ಕೆಲಸಕ್ಕೆ ಫಿಟ್ಟರುಗಳನ್ನು ಕಳಿಸಬೇಕೆಂದು ವರ್ಕ್‌ಶಾಪಿನವರು ಪಟ್ಟಿ ಮಾಡಿದಾಗ ಅಪ್ಪನ ಹೆಸರು ಅದರಲ್ಲಿತ್ತು. ಅಷ್ಟು ದೊಡ್ಡ ಹೊಳೆಗೆ ಬಾಗಿಲು ಹಾಕೋಕಾಗುತ್ತಾ, ಹುಚ್ಚಪ್ಪಗಳಿರಾ ಎಂದು ಅಜ್ಜಿ ಗೊಣಗಿದಳು. ಅಪ್ಪ ಹೋದ. ಎರಡು ವರ್ಷದಲ್ಲಿ ಮೂರು ಸಲ ಬಂದುಹೋದ. ನಾನು ಅವನ ಸೈಕಲ್ಲಿನ ಬಾರನ್ನು ದಿನಾ ಒರೆಸಿ ಇಟ್ಟಿದ್ದೆ.

ಕೊನೆಗೊಂದು ದಿನ ಮಧ್ಯಾಹ್ನ ಅಪ್ಪ ಕೆಲಸ ಮುಗಿಸಿಕೊಂಡು ಬಂದೇಬಿಟ್ಟ. ಜಗಲಿಯಿಂದ ಹಾರಿ ಓಡಿದೆ. ಅವನ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ನನ್ನಷ್ಟೇ ಎತ್ತರದ ಒಂದು ಹುಡುಗಿಯ ಕೈ. ನನ್ನನ್ನು ಎತ್ತಿಕೊಳ್ಳಲು ಅವನಿಗೆ ಕೈಯೇ ಉಳಿದಿರಲಿಲ್ಲ. ಇವಳ ಹೆಸರು ಹುಲಿಗೆವ್ವ ಎಂದ. ಮಿಕ್ಕದ್ದನ್ನು ಅಜ್ಜಿ ಅವನ ಬಾಯಿಂದ ಒಂದೊಂದೇ ಮಾತಾಗಿ ಕೀಳಬೇಕಾಯಿತು. ಕ್ಯಾಂಪಿನ ಊಟ ಒಗ್ಗದೆ ಅಪ್ಪ ಹೊಟ್ಟೆ ಕೆಡಿಸಿಕೊಂಡಿದ್ದಾಗ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ದುರ್ಗಪ್ಪ ಅನ್ನುವವರು ಹೊಳೆದಂಡೆಯ ತಮ್ಮ ಮನೆಗೆ ಕರೆದುಕೊಂಡು ಹೋಗಿ, ಎರಡು ವರ್ಷ ತಮ್ಮ ಜೊತೆಗೇ ಕೂರಿಸಿಕೊಂಡು ಉಣ್ಣಲಿಕ್ಕೆ ಇಟ್ಟರಂತೆ. ಅವರ ಮಗಳು ಈ ಹುಲಿಗೆವ್ವ. ಗೇಟು ಕೂತ ಮೇಲೆ ನೀರು ಹಿಂದಕ್ಕೆ ನಿಲ್ಲುತ್ತಾ ಬಂದು ಆ ಊರು ಮುಳುಗಿತು. ದುರ್ಗಪ್ಪನವರು ಎತ್ತರದ ಬಯಲಿನಲ್ಲಿ ಕೊಟ್ಟ ಜಾಗದಲ್ಲಿ ಜೋಪಡಿ ಹಾಕಿಕೊಂಡಿದ್ದಾರೆ. ಮನೆ ಏಳುವ ತನಕ ಹುಡುಗಿ ನಮ್ಮಲ್ಲಿರಲಿ, ಇಲ್ಲೇ ಸ್ಕೂಲಿಗೆ ಹೋಗಲಿ ಎಂದು ಅಪ್ಪನೇ ಕೇಳಿ ಕರೆತಂದಿದ್ದ. ಅಜ್ಜಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು:

“ಉಂಡ ಮನೇನೇ ಮುಳುಗಿಸಿ ಬಂದವ್ನೆ ನನ್ಮಗ. ಬಾರವ್ವ, ಬಾ. ಇಲ್ಲಿ ನನ್ ಮಗ್ಗುಲಿಗೆ ಕೂತ್ಕೊ.”

ಅಜ್ಜಿಯ ಮಗ್ಗುಲು ನನ್ನ ಜಾಗ. ಅವಳಿಗೂ ಗೋಡೆಗೂ ನಡುವೆ, ಕಂಬಳಿಯ ಅಂಚಿನಲ್ಲಿ, ನಾನು ಹುಟ್ಟಿದಾಗಿನಿಂದ ಮಲಗಿದ ಜಾಗ. ಅದು ಆವತ್ತೇ ಹೋಯಿತು. ಮಾರನೆಯ ಬೆಳಿಗ್ಗೆ ಬಾರೂ ಹೋಯಿತು. ಹುಲಿಗೆವ್ವ ಸೈಕಲ್ಲಿನಲ್ಲಿ ಕೂತವಳೇ ಅಲ್ಲ, ಹಿಂದೆ ಕೂತರೆ ಬಿದ್ದಾಳು, ನೀನು ದೊಡ್ಡವಳು ಕ್ಯಾರಿಯರ್ ಮೇಲೆ ಕೂತ್ಕೊ ಎಂದ ಅಪ್ಪ. ಒಂದೇ ರಾತ್ರಿಯಲ್ಲಿ ನಾನು ದೊಡ್ಡವಳಾಗಿಬಿಟ್ಟಿದ್ದೆ! ಕ್ಯಾರಿಯರ್ ಮೇಲೆ ಕೂತು ಅಪ್ಪನ ಬೆನ್ನು ನೋಡಿದೆ. ಮುಂದಿನಿಂದ ಅವಳ ನಗು ಕೇಳಿಸುತ್ತಿತ್ತು.

ಊಟದ ಹೊತ್ತು ಇನ್ನೂ ಕಷ್ಟ. ಹುಲಿಗೆವ್ವನಿಗೆ ರಾಗಿಮುದ್ದೆ ಗೊತ್ತೇ ಇರಲಿಲ್ಲ. ಮೊದಲ ದಿನ ತಟ್ಟೆಯಲ್ಲಿ ಮುದ್ದೆ ನೋಡಿ, ಇದನ್ನು ಹೆಂಗ ತಿಂತಾರ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಚೆನ್ನಾಗಿ ಅಗಿಯಬೇಕು, ಎಷ್ಟು ಅಗಿದರೆ ಅಷ್ಟು ರುಚಿ ಎಂದೆ. ಪಾಪದವಳು ಅಗಿದಳು. ಅದು ಹಲ್ಲಿಗೆಲ್ಲ ಮೆತ್ತಿಕೊಂಡು, ಬಾಯಿ ಬಿಡಲಾಗದೆ, ಕಣ್ಣಲ್ಲಿ ನೀರು ಬಂತು. ನಾನು ತಲೆ ತಗ್ಗಿಸಿಕೊಂಡು ನಕ್ಕೆ. ಆ ಸಂತೋಷ ಎಷ್ಟು ಹೊತ್ತು? ಅಪ್ಪ ತನ್ನ ತಟ್ಟೆ ಎತ್ತಿಕೊಂಡು ಅವಳ ಎದುರಿಗೆ ಬಂದು ಕೂತ. ಚಿಕ್ಕದಾಗಿ ಮುರಿ, ಸಾರಲ್ಲಿ ಹೊರಳಿಸು, ನಾಲಿಗೆ ಮೇಲಿಟ್ಟು ಸುಮ್ಮನೆ ನುಂಗು ಎಂದು ಒಂದೊಂದೇ ತುತ್ತು ತಾನೂ ನುಂಗಿ ತೋರಿಸಿದ. ನನಗೆ ಮುದ್ದೆ ನುಂಗುವುದನ್ನು ಯಾರು ಕಲಿಸಿದರೋ ನನಗೆ ನೆನಪಿಲ್ಲ. ಅಪ್ಪನಂತೂ ಅಲ್ಲ.

ನಾನೊಬ್ಬಳೇ ಉರಿಯುತ್ತಿದ್ದೆ ಅಂದುಕೊಳ್ಳಬೇಡಿ. ಅವ್ವನದೂ ಇತ್ತು. ಎರಡು ವರ್ಷ ಜೋಳದ ರೊಟ್ಟಿ ತಿಂದು ಬಂದ ಅಪ್ಪ, ಒಂದು ದಿನ ಬಾಯಿತಪ್ಪಿ, ದುರ್ಗಪ್ಪನ ಮನೆಯವರು ಬಡಿಯುವ ರೊಟ್ಟಿ ಹಪ್ಪಳದ ಹಾಗಿರುತ್ತೆ ಎಂದುಬಿಟ್ಟ. ಮಾರನೆಯ ದಿನ ಅವ್ವ ಪೇಟೆಯಿಂದ ಜೋಳ ತರಿಸಿ ಬೀಸಿ, ಹಿಟ್ಟು ಕಲಸಿ ಬಡಿಯಲು ಕೂತಳು. ಒಂದೂ ಇಡಿಯಾಗಿ ಏಳಲಿಲ್ಲ, ಎತ್ತುವಾಗಲೇ ಹರಿದುಹೋಯಿತು. ಹುಲಿಗೆವ್ವ ಪಕ್ಕದಲ್ಲಿ ಕೂತು, ಬಿಸಿನೀರು ಹಾಕ್ರಿ ಚಿಗವ್ವ ಎಂದು ಮೆತ್ತಗೆ ಹೇಳಿ, ತಾನೇ ಎರಡು ಬಡಿದಳು. ಅಂಗೈಯಗಲದ ಪುಟ್ಟ ರೊಟ್ಟಿಗಳು, ಚಂದ್ರನ ಹಾಗೆ ಗುಂಡಗೆ. ಅಪ್ಪ ಎರಡನ್ನೂ ತಿಂದ. ಅವತ್ತು ಅವ್ವ ಹಸುವಿನ ಬೆನ್ನಿಗೆ ಸುಮ್ಮಸುಮ್ಮನೆ ಎರಡು ಬಾರಿಸಿದಳು. ಅಡಿಗೆಮನೆಯಿಂದ ಅಪ್ಪನಿಗೆ ಕೇಳಿಸುವ ಹಾಗೆ ಅಂದಳು:

“ನನ್ ಕೈ ಮುದ್ದೆ ಈಗ ಗಂಟಲಲ್ಲಿ ಇಳಿಯಾಕಿಲ್ಲ ಅಲ್ವಾ? ಹೊಳೆಗೆ ಬಾಗ್ಲಾಕಕ್ಕೆ ಹೋಗಿ ನಾಲಿಗೇಗೂ ಒಂದು ಬಾಗ್ಲಾಕಿಸ್ಕೊಂಡು ಬಂದವ್ರೆ.”

ಅಪ್ಪ ಎದ್ದು ಕೈ ತೊಳೆದ. ಜಗಳವಾಡಲು ಇಬ್ಬರು ಬೇಕು, ಅಪ್ಪ ಯಾವತ್ತೂ ಆ ಎರಡನೆಯವನಾಗಲಿಲ್ಲ.

ಅಪ್ಪ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಅಣೆಕಟ್ಟಿನ ವಿಷಯಕ್ಕೆ ಮಾತ್ರ, ಅದೂ ನಾನು ಪೀಡಿಸಿದರೆ. ಒಂದು ದಿನ ಊಟಕ್ಕೆ ಕೂತಾಗ, ಅಣೆಕಟ್ಟು ಹೆಂಗಿರುತ್ತೆ ತೋರಿಸಪ್ಪ ಎಂದು ಹಟ ಹಿಡಿದೆ. ಅಪ್ಪ ನನ್ನ ತಟ್ಟೆಯಲ್ಲಿನ ಮುದ್ದೆಯನ್ನು ಅಡ್ಡಲಾಗಿ ಗೋಡೆ ಮಾಡಿದ. ಒಂದು ಕಡೆ ಸಾರು ಸುರಿದ. ಇದು ಹೊಳೆ, ಇದು ಕಟ್ಟೆ. ಮಳೆಗಾಲದ ನೀರೆಲ್ಲ ಇಲ್ಲಿ ನಿಲ್ಲುತ್ತೆ, ಎತ್ತರದ ನೆಲ ಸಿಗೋ ತನಕ ಹಿಂದಕ್ಕೆ ಹರಡ್ಕೊಳ್ಳುತ್ತೆ. ಆಮೇಲೆ ಕಿರುಬೆರಳಿನಿಂದ ಮುದ್ದೆಗೊಂದು ತೂತು ಕೊರೆದ. ಇಲ್ಲಿಂದ ನೀರು ಜೋರಾಗಿ ಇಳಿದು ಚಕ್ರ ತಿರುಗಿಸುತ್ತೆ, ಅದರಿಂದ ಕರೆಂಟು. ಸಾರು ತೂತಿನಿಂದ ಸಣ್ಣಗೆ ಹರಿಯಿತು. ನನಗೆ ಎಷ್ಟು ಹಿಗ್ಗು! ನನ್ನ ತಟ್ಟೆ, ನನ್ನ ಅಪ್ಪ, ನನ್ನ ಅಣೆಕಟ್ಟು. ಆಗ ಪಕ್ಕದಿಂದ ಹುಲಿಗೆವ್ವ ತೋರುಬೆರಳು ಚಾಚಿ, ನಿಂತ ಸಾರಿನೊಳಗೆ ಒಂದು ಕಡೆ ಅದ್ದಿದಳು.

“ನಮ್ಮೂರು ಇಲ್ಲೈತಿ. ಅಲ್ಲೇನ್ರಿ ಕಾಕಾ?”

ಅಪ್ಪನ ಕೈ ಅಲ್ಲೇ ನಿಂತಿತು. ಹೂಂ ಎಂದ. ಆಮೇಲೆ ತನ್ನ ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದ. ಅಜ್ಜಿ ಹುಲಿಗೆವ್ವನ ತಲೆ ಸವರಿದಳು, ಅವ್ವ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ತಟ್ಟೆಯಲ್ಲಿ ಅವಳ ಊರು ಮುಳುಗಿತ್ತು, ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ನಮ್ಮ ಮನೆಯೂ ಯಾಕೆ ಮುಳುಗಬಾರದು ಎಂದು ಆವತ್ತು ನಾನು ನಿಜವಾಗಿ ಬಯಸಿದೆ. ಅತ್ತಿಗುಪ್ಪೆಯ ಕೆರೆ ತುಂಬಿ, ಬೀದಿಗೆ ಬಂದು, ನಮ್ಮ ಹೆಂಚಿನವರೆಗೂ ಏರಲಿ. ಆಗ ನೋಡೋಣ ಅಪ್ಪ ಯಾರ ಕೈ ಹಿಡಿಯುತ್ತಾನೆ ಅಂತ. ಹತ್ತು ವರ್ಷದ ಹುಡುಗಿಯ ಪ್ರಾರ್ಥನೆ ಇದು.

ಈಗ ಆ ಗಂಟಿನ ವಿಷಯ. ಹುಲಿಗೆವ್ವ ತಂದಿದ್ದ ಬಟ್ಟೆಯ ಗಂಟಿನಲ್ಲಿ ಇದ್ದದ್ದು ಮಣ್ಣು. ಅವರ ಮನೆಯ ಒಲೆಯ ಮಣ್ಣು. ಊರು ಬಿಡುವ ದಿನ ಜನ ಬಾಗಿಲು ಚೌಕಟ್ಟು, ತೊಲೆ, ಬೀಸುವ ಕಲ್ಲು ಎಲ್ಲ ಕಿತ್ತುಕೊಂಡು ಹೊರಟರಂತೆ. ಅವಳ ಅವ್ವ ಒಲೆಯನ್ನು ಒಡೆದು, ಅದರ ಮಣ್ಣನ್ನು ಎರಡು ಹಿಡಿ ಬಟ್ಟೆಯಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟಿದ್ದರು. ಅವರಲ್ಲಿ ಒಂದು ಪದ್ಧತಿ: ಮನೆಯವರು ಜಾಗ ಬಿಟ್ಟು ಹೋದರೆ ಹೊಸ ಮನೆಯ ಮೊದಲ ಒಲೆಯನ್ನು ಹಳೇ ಒಲೆಯ ಮಣ್ಣು ಸೇರಿಸಿಯೇ ಹಾಕಬೇಕು, ಇಲ್ಲದಿದ್ದರೆ ಆ ಮನೆ ಅವರದಾಗುವುದಿಲ್ಲ. ಜೋಪಡಿಯಲ್ಲಿ ಮಳೆಗೆ ನೆನೆದು ಕರಗೀತು ಎಂದು ಹುಡುಗಿಯ ಜೊತೆ ನಮ್ಮ ಮನೆಗೆ ಕಳಿಸಿದ್ದರು. ಅಜ್ಜಿ ಅದನ್ನು ನಡುಮನೆಯ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕ ಇಟ್ಟಳು. ಶುಕ್ರವಾರ ದೇವರಿಗೆ ಅರಿಶಿನ ಕುಂಕುಮ ಇಟ್ಟ ಕೈಯಿಂದ ಆ ಗಂಟಿಗೂ ಇಡುತ್ತಿದ್ದಳು. ಹುಲಿಗೆವ್ವ ಸ್ಕೂಲಿಗೆ ಹೊರಡುವ ಮುಂಚೆ ಅದನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಹಾಗೆ ಕಣ್ಣಿಗೊತ್ತಿಕೊಳ್ಳುವಂಥದ್ದು ಏನಿತ್ತು? ಏನೂ ಇರಲಿಲ್ಲ.

ಯುಗಾದಿಗೆ ಮುಂಚೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಅಜ್ಜಿ ಹೊಸ ಒಲೆ ಹಾಕುತ್ತಿದ್ದಳು. ಹಿತ್ತಲಲ್ಲಿ ಕೆಮ್ಮಣ್ಣು, ರಾಗಿಹೊಟ್ಟು, ಸಗಣಿ ಕಲಸಿ, ನೀರು ಹಾಕಿ ತುಳಿಯುವುದು ನನ್ನ ಕೆಲಸ. ಆ ವರ್ಷ ಅಜ್ಜಿ, ಹುಲಿಗೆವ್ವನೂ ತುಳಿಯಲಿ, ಪಾಪ ಎಂದಳು. ಆ ‘ಪಾಪ’ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಅಜ್ಜಿ ಅವಳನ್ನು ಕರೆದುಕೊಂಡು ಬಾವಿಯಿಂದ ನೀರು ತರಲು ಹೋದಳು. ಅವ್ವ ಹೊಲದಲ್ಲಿದ್ದಳು. ನಾನು ಕೆಸರು ಕಾಲಲ್ಲೇ ನಡುಮನೆಗೆ ಹೋಗಿ, ಗೂಡಿನಿಂದ ಗಂಟು ತೆಗೆದು, ಬಿಚ್ಚಿ, ಆ ಮಣ್ಣನ್ನು ನಮ್ಮ ಕೆಸರಿನೊಳಗೆ ಸುರಿದು ತುಳಿದೆ. ಹೆಂಟೆಗಳು ಅಂಗಾಲಿಗೆ ಚುಚ್ಚಿದವು. ಪುಡಿಯಾಗುವ ತನಕ ತುಳಿದೆ. ಗಂಟಿಗೆ ಹಿತ್ತಲಿನ ಮಣ್ಣು ತುಂಬಿ, ಇದ್ದ ಹಾಗೆಯೇ ಕಟ್ಟಿ, ಇದ್ದ ಜಾಗದಲ್ಲೇ ಇಟ್ಟೆ. ಕಾಲಿನ ಗುರುತು ಒರೆಸಿದೆ. ಅವರ ಹೊಸ ಮನೆ ಅವರದಾಗದಿರಲಿ, ಅಷ್ಟೇ ನನ್ನ ಆಸೆ. ಆಗದಿದ್ದರೆ ಅವಳು ನಮ್ಮ ಮನೆಯಲ್ಲೇ ಉಳಿದುಬಿಡುತ್ತಾಳೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಬರುವುದಿಲ್ಲ ನೋಡಿ.

ಒಲೆ ಒಣಗಿದಾಗ ಅದರ ಬಲಗಡೆಯ ಮಗ್ಗುಲಿನಲ್ಲಿ ಕಪ್ಪನೆಯ ಒಂದು ಪಟ್ಟಿ ಕಾಣಿಸಿಕೊಂಡಿತು. ಕೆರೆ ಮಣ್ಣು ಸೇರಿರಬೇಕು ಎಂದು ಅಜ್ಜಿ ಅದರ ಮೇಲೊಂದು ಸಲ ಕೆಮ್ಮಣ್ಣು ಬಳಿದಳು. ಎರಡು ದಿನದ ಬೆಂಕಿಗೆ ಪಟ್ಟಿ ಮತ್ತೆ ಎದ್ದಿತು. ಯುಗಾದಿ ಹಬ್ಬದ ದಿನ ಹೋಳಿಗೆ ಬೇಯುವಾಗ ಹುಲಿಗೆವ್ವ ಒಲೆಯ ಪಕ್ಕ ಕೂತಿದ್ದಳು. ಅವಳ ಅಂಗೈ ಆ ಕಪ್ಪು ಪಟ್ಟಿಯ ಮೇಲಿತ್ತು. ಬಿಸಿ ತಾಗಲ್ವೇನೇ ಎಂದು ಅವ್ವ ಕೇಳಿದರೂ ಅವಳು ಕೈ ತೆಗೆಯಲಿಲ್ಲ. ನಾನು ಹೋಳಿಗೆ ತಿನ್ನುತ್ತಿದ್ದೆ. ಇವಳಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡೆ, ಅಷ್ಟೇ.

ಹಬ್ಬ ಕಳೆದು ಮೂರು ವಾರಕ್ಕೆ ದುರ್ಗಪ್ಪನವರು ಬಂದರು. ಬಿಸಿಲಿಗೆ ಸುಟ್ಟ ಮುಖ, ದಪ್ಪ ಮೀಸೆ, ಮೆತ್ತನೆಯ ಮಾತು. ಗೋಡೆ ಎದ್ದಿದೆ, ಮಾಳಿಗೆ ಮುಗಿದಿದೆ, ಇನ್ನು ಒಲೆ ಹಾಕುವುದೊಂದೇ ಬಾಕಿ, ಮಗಳನ್ನೂ ಮಣ್ಣನ್ನೂ ಒಯ್ಯಲು ಬಂದಿದ್ದೇನೆ ಎಂದರು. ನನಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಗಂಟಿನ ಭಯ. ಅಜ್ಜಿ ಗೂಡಿನಿಂದ ಗಂಟು ತಂದು ಅವರ ಕೈಗಿಟ್ಟಳು. ದುರ್ಗಪ್ಪನವರು ಅದನ್ನು ಹಣೆಗೆ ಒತ್ತಿಕೊಂಡು, ಒಂದು ಚಿಟಿಕೆ ನೋಡೋಣವೆಂದು ಬಿಚ್ಚಿದರು. ಒಳಗೆ ಕೆಂಪು ಮಣ್ಣು. ಅವರ ಸೀಮೆಯೆಲ್ಲ ಎರೆಭೂಮಿ, ಮಣ್ಣೆಲ್ಲ ಕಪ್ಪು ಎಂಬುದು ನನಗೆ ಹೇಗೆ ಗೊತ್ತಿರಬೇಕು? ನಾನು ಹುಟ್ಟಿದಾಗಿನಿಂದ ಕಂಡ ನೆಲವೆಲ್ಲ ಕೆಂಪು. ಒಲೆಯೊಳಗೆ ಸುಟ್ಟದ್ದಕ್ಕೆ ಆ ಹೆಂಟೆ ಕಪ್ಪಾಗಿದೆ ಅಂದುಕೊಂಡಿದ್ದೆ. ದುರ್ಗಪ್ಪನವರು ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಇದು ನಮ್ಮ ಮಣ್ಣಲ್ಲ, ಯವ್ವಾ.”

ಅಜ್ಜಿ ಅಡಿಗೆಮನೆಯ ಕಡೆ ತಿರುಗಿದಳು. ಒಲೆಯ ಕಪ್ಪು ಪಟ್ಟಿ ಅವಳಿಗೆ ಆಗ ಅರ್ಥವಾಯಿತು. ಯಾರು ಮಾಡಿದ್ದು ಇದನ್ನ ಎಂದಳು. ಅವ್ವ ನನ್ನ ಮುಖ ನೋಡಿದಳು. ಅಪ್ಪನೂ ನೋಡಿದ. ಇನ್ನು ಅಪ್ಪ ನನಗೆ ಸಿಗುವುದಿಲ್ಲ, ಬಾರೂ ಇಲ್ಲ, ಕ್ಯಾರಿಯರೂ ಇಲ್ಲ, ಮುಗಿಯಿತು ಅನ್ನಿಸಿತು. ಆಗ ಹುಲಿಗೆವ್ವ ಮುಂದೆ ಬಂದಳು.

“ನಾನೇ ಹಾಕೀನಜ್ಜಿ. ಈ ಮನ್ಯಾಗೂ ನಮ್ಮ ಒಲಿ ಇರ್ಲಿ ಅಂತ ಹಾಕೀನಿ.”

ದುರ್ಗಪ್ಪನವರು ಮಗಳ ಬೆನ್ನಿಗೊಂದು ಗುದ್ದಿದರು. ಅವಳು ಅಳಲಿಲ್ಲ. ಅಜ್ಜಿ ಅವರ ಕೈ ಹಿಡಿದು ತಡೆದಳು. ಆಮೇಲೆ ಕೊಟ್ಟಿಗೆಯಿಂದ ಹಾರೆ ತಂದು, ಯುಗಾದಿಗೆ ಹಾಕಿದ ಆ ಹೊಸ ಒಲೆಯನ್ನು ಬೂದಿ ಆರುವ ಮುಂಚೆಯೇ ಒಡೆದಳು. ಮೇಲಿದ್ದ ಸಾರಿನ ಮಡಕೆಯನ್ನು ಅವ್ವ ಗಾಬರಿಯಿಂದ ಇಳಿಸಿಕೊಂಡಳು. ಯಾವುದು ನಿಮ್ಮ ಮಣ್ಣು, ಯಾವುದು ನಮ್ಮ ಮಣ್ಣು ಅಂತ ಆರಿಸೋಕಾಗಲ್ಲ ಕಣಪ್ಪ, ಎಲ್ಲಾನೂ ತಗೊಂಡೋಗು ಎಂದಳು. ಒಂದು ಗೋಣಿಚೀಲ ತುಂಬಿತು. ಆವತ್ತು ನಮ್ಮ ಮನೆಯಲ್ಲಿ ಬೆಂಕಿ ಹಚ್ಚಲು ಜಾಗವಿರಲಿಲ್ಲ. ಬೆಳಗಿನ ತಣ್ಣನೆ ಮುದ್ದೆಗೆ ಮಜ್ಜಿಗೆ ಕಲಸಿಕೊಂಡು ಎಲ್ಲರೂ ಉಂಡೆವು. ಅವಳು ಹೊರಟುಹೋಗಲಿ ಎಂದು ಎಷ್ಟು ದಿನ ಬೇಡಿದ್ದೆನೋ. ಹೊರಡುವಾಗ ಅವಳು ನಮ್ಮ ಒಲೆಯನ್ನೇ ಹೊತ್ತುಕೊಂಡು ಹೊರಟಿದ್ದಳು. ಅದಕ್ಕೂ ನನಗೆ ಉರಿಯಿತು, ಸುಳ್ಳು ಹೇಳಲಾರೆ.

ಸ್ಟೇಷನ್ನಿಗೆ ಕರೆದೊಯ್ಯಲು ಅಪ್ಪ ಜಟಕಾ ತರಲು ಹೋದಾಗ ನಾನು ಹಿತ್ತಲಲ್ಲಿ ಹುಲ್ಲಿನ ಮೆದೆಯ ಹಿಂದೆ ಕೂತಿದ್ದೆ. ಹುಲಿಗೆವ್ವ ಹುಡುಕಿಕೊಂಡು ಬಂದಳು. ಬೈಯುತ್ತಾಳೆ, ಇಲ್ಲ ಹೊಡೆಯುತ್ತಾಳೆ ಅಂದುಕೊಂಡು ನಾನೂ ಕೈ ಬಿಗಿಹಿಡಿದೆ. ಅವಳು ಪಕ್ಕದಲ್ಲಿ ಕೂತಳು. ನೀನೇ ಸುರಿದದ್ದು ಅಂತ ನನಗೆ ಹಬ್ಬದ ದಿನವೇ ಗೊತ್ತಿತ್ತು ಎಂದಳು. ಮತ್ಯಾಕೆ ಸುಳ್ಳು ಹೇಳಿದೆ, ಒಳ್ಳೆಯವಳು ಅನ್ನಿಸಿಕೊಳ್ಳೋಕಾ ಎಂದು ಕೇಳಿದೆ. ಅವಳು ಒಂದು ಹುಲ್ಲುಕಡ್ಡಿ ಎಳೆದು ಮುರಿದಳು.

“ನಿಮ್ಮಪ್ಪ ನಮ್ಮನ್ಯಾಗ ಉಣ್ಣಾಕ ಕುಂತ್ರ ದಿನಾ ನಿಂದೇ ಮಾತು. ನಮ್ಮ ಜಯಾ ಹಂಗ ಓದ್ತಾಳ, ನಮ್ಮ ಜಯಾ ಹಿಂಗ ಹಟ ಮಾಡ್ತಾಳ, ನನ್ ಮಗಳಂಥಾಕಿ ಎಲ್ಲೂ ಇಲ್ಲ. ನಮ್ಮಪ್ಪ ನನ್ನ ಬಗ್ಗೆ ಒಂದಿನಾನೂ ಹಂಗ ಅಂದಿಲ್ಲ. ನಿನ್ ಮಾರಿ ನೋಡದನ ಎರಡು ವರ್ಸ ನಿನ್ ಮ್ಯಾಲೆ ಉರಕೊಂಡೀನಿ ನಾನು. ಅದಕ್ಕ ನಿನ್ ಹೆಸರು ಹೇಳ್ಲಿಲ್ಲ.”

ಅಷ್ಟು ಹೇಳಿ ಲಂಗ ಕೊಡವಿಕೊಂಡು ಎದ್ದು ಹೋದಳು. ಜಟಕಾ ಬಂತು, ಅಜ್ಜಿ ಅತ್ತಳು, ಗೋಣಿಚೀಲ ಹತ್ತಿಸಿದರು, ಅವರು ಹೋದರು. ನಾನು ಮೆದೆಯ ಹಿಂದಿನಿಂದ ಏಳಲಿಲ್ಲ. ಅಪ್ಪ ನನ್ನ ಮಾತಾಡುತ್ತಿದ್ದನಂತೆ. ದಿನಾ. ನನ್ನಂಥವಳು ಎಲ್ಲೂ ಇಲ್ಲ ಅನ್ನುತ್ತಿದ್ದನಂತೆ. ಅದನ್ನು ಮತ್ತೆ ಮತ್ತೆ ಹೇಳಿಕೊಂಡೆ, ಅಪ್ಪನ ಗಂಟಲಿನಲ್ಲಿ ಅದು ಹೇಗೆ ಕೇಳಿಸುತ್ತಿತ್ತು ಎಂದು ನೆನೆಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅಪ್ಪ ಅವರನ್ನು ರೈಲು ಹತ್ತಿಸಿ ಸಂಜೆಗೆ ಮುಂಚೆ ವಾಪಸ್ಸು ಬಂದ. ನಾನೇ ಓಡಿ ಚೊಂಬಿನಲ್ಲಿ ನೀರು ಕೊಟ್ಟು, ಅವನು ಮುಖ ತೊಳೆದುಕೊಳ್ಳುವ ತನಕ ಎದುರಿಗೇ ನಿಂತೆ. ಈಗ ಮನೆಯಲ್ಲಿ ಬೇರೆ ಹುಡುಗಿ ಇಲ್ಲ, ಈಗಲಾದರೂ ಅಂದಾನು ಎಂದು ನಿಂತೆ. ಅಪ್ಪ ಟವಲಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದ.

“ಒಳಗೋಗಮ್ಮ, ಬಿಸ್ಲು.”

ಆಮೇಲೆ ಅಪ್ಪ ಇನ್ನೂ ಬಹಳ ವರ್ಷ ಬದುಕಿದ್ದ. ಮಾರನೆಯ ದಿನದಿಂದಲೇ ನನ್ನನ್ನು ಮತ್ತೆ ಬಾರಿನ ಮೇಲೆ ಕೂರಿಸಿಕೊಂಡ, ಓದಿಸಿದ, ಮದುವೆ ಮಾಡಿದ, ನನ್ನ ಮಕ್ಕಳನ್ನು ಎತ್ತಿ ಆಡಿಸಿದ. ಹುಲಿಗೆವ್ವ ಎರಡು ವರ್ಷ ದಿನಾ ಕೇಳಿದ ಆ ಮಾತನ್ನು ಅವನ ಬಾಯಿಂದ ನಾನು ಒಂದು ಸಲವೂ ಕೇಳಲಿಲ್ಲ.